ಚಪ್ಪಾಳೆಗೆ ನಿಂತವಳು

ನಮ್ಮಕ್ಕ ರೇಡಿಯೊದಲ್ಲಿ ಮಾತು ಮರೆತಳು ಎಂದು ಹೇಳುವವರು ನಮ್ಮ ಬೀದಿಯಲ್ಲಿ ಇನ್ನೂ ಇದ್ದಾರೆ. ಎದುರಿಗೆ ಹೇಳುವ ಧೈರ್ಯವಿಲ್ಲ. ನಾನು ತಿರುವು ದಾಟಿದ ಮೇಲೆ ಹೇಳುತ್ತಾರೆ. ನಡೆದದ್ದು ಏನೆಂದು ಇಲ್ಲಿ ಬರೆದಿದ್ದೇನೆ, ಓದಿಕೊಂಡು ಬಾಯಿ ಮುಚ್ಚಿಕೊಳ್ಳಲಿ.

ಅಕ್ಕ ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಬೆಳೆದವಳು. ತಾಯಿ, ರಾಣಿ, ಜಗಳಗಂಟಿ ಅತ್ತೆ, ಯಾವ ಪಾತ್ರ ಕೊಟ್ಟರೂ ಸರಿ. ಕಂಪನಿಯವರು ಅವಳನ್ನು ಹೆಸರಿನಿಂದ ಕರೆಯುತ್ತಲೇ ಇರಲಿಲ್ಲ, 'ಕೊನೇ ಬೆಂಚು' ಎನ್ನುತ್ತಿದ್ದರು. ಡೇರೆಯ ತುದಿಯಲ್ಲಿ, ಅಗ್ಗದ ಟಿಕೆಟ್ಟಿನ ಕೊನೆಯ ಬೆಂಚಿನಲ್ಲಿ ಕೂತವನಿಗೂ ಅವಳ ಒಂದೊಂದು ಮಾತು ಕಲ್ಲು ಎಸೆದ ಹಾಗೆ ಹೋಗಿ ತಾಗುತ್ತಿತ್ತು. ಮೈಕು ಇಲ್ಲದ ಕಾಲ ಅದು. ಇದ್ದಿದ್ದರೂ ಅವಳಿಗೆ ಬೇಕಾಗುತ್ತಿರಲಿಲ್ಲ.

ಅವಳದೊಂದು ಪದ್ಧತಿ ಇತ್ತು. ಅವಳದೇನು, ಕಂಪನಿಯವರೆಲ್ಲರದೂ ಅದೇ. ದೊಡ್ಡ ಮಾತು ಹೇಳಿದ ಮೇಲೆ ಗದ್ದ ಎತ್ತಿ, ಒಂದು ಕೈ ಗಾಳಿಯಲ್ಲಿಟ್ಟು ಹಾಗೆಯೇ ನಿಲ್ಲುವುದು. ಜನ ಚಪ್ಪಾಳೆ ಹೊಡೆಯುತ್ತಾರೆ, 'ಒನ್ಸ್ ಮೋರ್' ಎಂದು ಕೂಗುತ್ತಾರೆ. ಆ ಗದ್ದಲ ಇಳಿಯುವವರೆಗೆ ಮುಂದಿನ ಮಾತು ಆಡುವ ಹಾಗಿಲ್ಲ. ಆಡಿದರೆ ಅದು ಗದ್ದಲದಲ್ಲಿ ಮುಳುಗಿ ಹೋಗುತ್ತದೆ. ಎಷ್ಟು ನಿಲ್ಲಬೇಕು ಎನ್ನುವುದು ಅವಳ ಮೈಗೆ ಗೊತ್ತಿತ್ತು, ತಲೆಗಲ್ಲ.

ಟಾಕಿ ಸಿನಿಮಾ ಬಂತು, ಕಂಪನಿ ಮುಚ್ಚಿತು, ಪರದೆಗಳನ್ನು ಯಾರೋ ಗೋಣಿಚೀಲದ ವ್ಯಾಪಾರಿ ಕೊಂಡುಹೋದ. ಅಕ್ಕ ನಮ್ಮ ಮನೆಗೆ ಬಂದಳು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸ ಹಿಡಿದಳು. ಆದರೆ ನಿಲ್ಲುವ ಚಟ ಹೋಗಲಿಲ್ಲ. "ಆ ಹಾಲಿನವನಿಗೆ ನೀರು ಮಾರೋದಿದ್ರೆ ಹಸು ಯಾಕೆ ಸಾಕಿದಾನೆ, ಬಾವಿ ತೋಡ್ಲಿ!" ಎಂದು ಹೇಳಿ, ಸೌಟು ಎತ್ತಿಕೊಂಡು ಒಲೆಯ ಮುಂದೆ ನಿಂತುಬಿಡುತ್ತಿದ್ದಳು. ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಬೇಕು, ಆಮೇಲೆಯೇ ಸೌಟು ಇಳಿಯುತ್ತಿತ್ತು.

ನಾನು ಬಡಗಿ. ಆಗ ರೇಡಿಯೊ ಹೊಸದು, ಅದಕ್ಕೆ ಮರದ ಪೆಟ್ಟಿಗೆ ಮಾಡಿಕೊಡುವುದು ನನ್ನ ಕೆಲಸವಾಗಿತ್ತು. ಎಷ್ಟೋ ಮನೆಗಳಿಗೆ ಪೆಟ್ಟಿಗೆ ಮಾಡಿಕೊಟ್ಟಿದ್ದೆ, ನಮ್ಮ ಮನೆಯಲ್ಲಿ ರೇಡಿಯೊ ಇರಲಿಲ್ಲ. ಬೀದಿಗೆಲ್ಲ ಸೇರಿ ಇದ್ದದ್ದು ಒಂದೇ, ಸೈಕಲ್ ಅಂಗಡಿಯವನದು. ಅವನನ್ನು ಎಲ್ಲರೂ ಪಂಕ್ಚರ್ ಎನ್ನುತ್ತಿದ್ದರು. ಸಂಜೆಯಾದರೆ ಅದನ್ನು ಕಿಟಕಿಗೆ ಮುಖ ಮಾಡಿ ಇಡುತ್ತಿದ್ದ, ನಾವೆಲ್ಲ ಹೊರಗೆ ನಿಂತು ಕೇಳುತ್ತಿದ್ದೆವು.

ಆ ವರ್ಷ ರೇಡಿಯೊ ಸ್ಟೇಷನ್ನಿನವರು ಒಂದು ವಾರ ಪೂರ್ತಿ ಸಂಗೀತ ಮತ್ತು ನಾಟಕ ಎಂದು ಸಾರಿದರು. ದಿನಾ ಸಂಜೆ ಮೊದಲು ಹಾಡು, ಆಮೇಲೆ ನಾಟಕ. ಹಳೆಯ ಕಂಪನಿಯವರನ್ನು ಹುಡುಕಿ ಕರೆಸಿದರು. ಅಕ್ಕನಿಗೆ ಎರಡು ನಾಟಕ ಸಿಕ್ಕವು, ಮಂಗಳವಾರ ಒಂದು, ಭಾನುವಾರದ ಕೊನೆಯದು ಒಂದು. ಆಗೆಲ್ಲ ನಾಟಕವನ್ನು ಮೊದಲೇ ಪ್ಲೇಟಿಗೆ ತುಂಬಿಸಿಟ್ಟುಕೊಂಡು ಆಮೇಲೆ ಕೇಳಿಸುವುದು ಇರಲಿಲ್ಲ. ಆಡಿದ್ದು ಆಡಿದ ಗಳಿಗೆಯಲ್ಲೇ ಮನೆಮನೆಗೆ ಹೋಗುತ್ತಿತ್ತು, ಹೋದದ್ದು ಮತ್ತೆ ಬರುತ್ತಿರಲಿಲ್ಲ.

ಮೊದಲ ತಾಲೀಮು ಮುಗಿಸಿ ಬಂದವಳು ಚಪ್ಪಲಿ ಕಳಚುವ ಮೊದಲೇ ಶುರು ಮಾಡಿದಳು.

"ಗೋಡೆಗೆಲ್ಲ ಕಂಬಳಿ ಹೊದಿಸಿದಾರೆ ಕಣೋ! ಏನು, ಗೋಡೆಗೆ ಚಳಿಜ್ವರವಾ? ಕಿಟಕಿ ಇಲ್ಲ, ಗಾಳಿ ಇಲ್ಲ. ಬಳೆ ತೆಗಿ ಅಂದ್ರು, ತೆಗೆದೆ. ಚಪ್ಪಲಿ ಬಿಡು ಅಂದ್ರು, ಬಿಟ್ಟೆ. ಮಾತಾಡು ಅಂದ್ರು. ಯಾರ ಮುಖ ನೋಡಿ ಮಾತಾಡ್ಲಿ? ಆ ತಗಡಿನ ಡಬ್ಬಿ ಮುಖ ನೋಡಿನಾ?"

"ಅದೇ ಮೈಕು, ಅಕ್ಕ. ಅದರೊಳಗಿಂದಲೇ ಊರಿಗೆಲ್ಲ ಕೇಳೋದು."

"ನೀನು ಪೆಟ್ಟಿಗೆ ಮಾಡೋನು, ಪೆಟ್ಟಿಗೆ ಬಗ್ಗೆ ಮಾತಾಡು!" ಎಂದು ಗದ್ದ ಎತ್ತಿ ನಿಂತಳು. ಹೆಂಡತಿ ತಟ್ಟಿದಳು.

ಸ್ಟೇಷನ್ನಿನಲ್ಲಿ ನಾಟಕ ಮಾಡಿಸುವ ಸಾಹೇಬರಿಗೆ ಅವಳ ಈ ಚಟ ತಾಲೀಮಿನಲ್ಲಿ ಗೊತ್ತಾಗಲೇ ಇಲ್ಲ. ಹೇಗೆ ಗೊತ್ತಾಗಬೇಕು? ಮನೆಯಲ್ಲಿ ತಟ್ಟುವವಳಿದ್ದಳು, ತಾಲೀಮಿನಲ್ಲಿ ಯಾರು ತಟ್ಟುತ್ತಾರೆ? ತಾಲೀಮಿನಲ್ಲಿ ಕಂಪನಿಯವರು ಎಂದೂ ನಿಲ್ಲುವುದಿಲ್ಲ, ಗಡಗಡ ಹೇಳಿ ಮುಗಿಸುತ್ತಾರೆ. ನಿಲ್ಲುವುದು ಆಟದ ದಿನ ಮಾತ್ರ.

ಮಂಗಳವಾರ ಸಂಜೆ ಪಂಕ್ಚರ್ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ನಾಟಕದಲ್ಲಿ ಅಕ್ಕ ಒಬ್ಬ ತಾಯಿ. ಮಗನ ಕಳ್ಳತನ ತನ್ನ ಮೇಲೆ ಹಾಕಿಕೊಂಡು ನ್ಯಾಯಾಧೀಶರ ಮುಂದೆ ನಿಂತಿದ್ದಾಳೆ. "ತೊಟ್ಟಿಲು ತೂಗಿದ ಕೈ ಸ್ವಾಮಿ ಇದು! ಇದಕ್ಕೂ ಬೇಡಿ ಹಾಕೋದಾದ್ರೆ ಹಾಕಿ, ನೋಡೇಬಿಡ್ತೀನಿ!" ಎಂದಳು ನೋಡಿ, ಇಡೀ ಬೀದಿ ಚಪ್ಪಾಳೆ ಹೊಡೆಯಿತು. ಪಂಕ್ಚರ್ ಸೈಕಲ್ಲಿನ ಗಂಟೆ ಬಾರಿಸಿದ. ಯಾರೋ 'ಒನ್ಸ್ ಮೋರ್' ಎಂದು ಕೂಗಿದರು.

ಗದ್ದಲ ಇಳಿದಾಗ ರೇಡಿಯೊದಲ್ಲಿ ಕೊಳಲು ಊದುತ್ತಿದ್ದರು.

ನಾಟಕವಿಲ್ಲ, ಅಕ್ಕ ಇಲ್ಲ, ಕೊಳಲು. ನಾವು ಮುಖ ಮುಖ ನೋಡಿಕೊಂಡೆವು. ಸ್ವಲ್ಪ ಹೊತ್ತಿಗೆ ರೇಡಿಯೊದಲ್ಲಿ ಒಬ್ಬ ಗಂಟಲು ಸರಿಮಾಡಿಕೊಂಡು, "ಕಲಾವಿದೆಯೊಬ್ಬರು ಮಾತು ಮರೆತ ಕಾರಣ ನಾಟಕವನ್ನು ಮುಂದುವರಿಸಲು ಆಗುತ್ತಿಲ್ಲ, ವಿಷಾದಿಸುತ್ತೇವೆ" ಎಂದ. ಎಷ್ಟು ಮೆತ್ತಗೆ ಹೇಳಿದ! ಒಬ್ಬ ಹೆಂಗಸಿನ ಇಡೀ ಜೀವಮಾನವನ್ನು ಬಟ್ಟೆಯಿಂದ ಒರೆಸಿ ಹಾಕಿದ ಹಾಗೆ.

ನಮ್ಮ ಬೀದಿಯ ಗಡಿಯಾರ ರಿಪೇರಿಯವನು ಕಿಸಕ್ಕನೆ ನಕ್ಕ. "ಕೊನೇ ಬೆಂಚು ಮುರೀತು ಕಣ್ರಪ್ಪೋ!"

ಅವನ ಅಂಗಿಯ ಕೊರಳುಪಟ್ಟಿ ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಪಂಕ್ಚರ್ ನಡುವೆ ಬಂದು ಬಿಡಿಸಿದ. ಬಿಡಿಸದಿದ್ದರೆ ಆ ಗಡಿಯಾರದವನಿಗೆ ಹಲ್ಲು ರಿಪೇರಿ ಮಾಡುವವನನ್ನು ಹುಡುಕಬೇಕಾಗುತ್ತಿತ್ತು.

ಅಕ್ಕ ನಡೆದುಕೊಂಡೇ ಬಂದಳು. ಬಳೆಗಳು ಇನ್ನೂ ಚೀಲದಲ್ಲೇ ಇದ್ದವು. ಗೋಡೆಗೆ ಒರಗಿ ಕೂತಳು. ನಾನು ಏನೋ ಸಮಾಧಾನ ಹೇಳಹೋದೆ, "ಹೋಗ್ಲಿ ಬಿಡು ಅಕ್ಕ, ಯಾರಿಗಾದ್ರೂ ಒಂದೊಂದ್ಸಲ ಮರೆಯುತ್ತೆ" ಎಂದೆ. ಅಷ್ಟೇ!

"ಮರೆತೆನಾ? ನಾನಾ? ಕೂತ್ಕೋ!" ಎಂದವಳು ಆ ಜಾಗದಿಂದ ನಾಟಕದ ಕೊನೆಯವರೆಗೆ, ತನ್ನದೂ ನ್ಯಾಯಾಧೀಶರದೂ ಪೊಲೀಸಿನವನದೂ, ಎಲ್ಲ ಒಪ್ಪಿಸಿದಳು.

"ಹಾಗಾದ್ರೆ ನಿಂತಿದ್ದು ಯಾಕೆ?"

ಅವಳು ಚೀಲದಿಂದ ಬಳೆ ತೆಗೆದು ಒಂದೊಂದಾಗಿ ಏರಿಸಿಕೊಂಡಳು. "ಚಪ್ಪಾಳೆಗೆ ಕಣೋ. ಮಾತು ಹೇಳಿದೆ, ಕೈ ಎತ್ತಿದೆ, ನಿಂತೆ. ಅಲ್ಲಿ ಒಂದು ನೊಣ ಕೂಡ ರೆಕ್ಕೆ ಬಡೀಲಿಲ್ಲ. ಇವತ್ತು ಮಾತು ತಾಗಲಿಲ್ಲ ಅಂದ್ಕೊಂಡೆ. ತಾಗೋವರೆಗೂ ನಿಲ್ಲೋಣ ಅಂತ ನಿಂತೆ. ಅಷ್ಟರಲ್ಲಿ ಗಾಜಿನ ಗೋಡೆ ಆಚೆ ಯಂತ್ರ ನೋಡ್ಕೊಳ್ಳೋನು ತಂತಿ ಕಡಿದುಹೋಯ್ತು ಅಂದ್ಕೊಂಡು ಕೊಳಲಿನ ಪ್ಲೇಟು ಹಾಕ್ಬಿಟ್ಟ."

"ಅಕ್ಕಾ," ಎಂದೆ, "ಹೊಡೆದ್ವಿ. ಇಡೀ ಬೀದಿ ಹೊಡೀತು. ಪಂಕ್ಚರ್ ಗಂಟೆ ಬಾರಿಸಿದ."

ಅವಳು ನನ್ನನ್ನೇ ನೋಡಿದಳು. "ಹೊಡೆದ್ರಾ? ನಾನು ನಿಂತಾಗಲೇನಾ?"

"ಆಗಲೇ."

"ಎಷ್ಟು ಹೊತ್ತು?"

"ಬೇಕಾದಷ್ಟು ಹೊತ್ತು."

"ಮತ್ತೆ ಸರಿಯಾಗೇ ನಿಂತಿದ್ದೆನಲ್ಲೋ!" ಎಂದು ನೆಲ ಗುದ್ದಿದಳು. ಆಮೇಲೆ ಭಾನುವಾರ ಬರಬೇಡವೆಂದು ಸಾಹೇಬರು ಹೇಳಿದ್ದನ್ನು ಹೇಳಿದಳು. ಅವಳಿಗೆ ಬೇಕಾಗಿದ್ದದ್ದು ಆ ಭಾನುವಾರ. ಅದು ಕೈತಪ್ಪಿದರೆ ಮಾತು ಮರೆತವಳು ಎಂಬ ಹೆಸರೇ ಕೊನೆಗೆ ಉಳಿಯುತ್ತದೆ.

ಮರುದಿನ ನಾನು ಉಳಿ ಕೆಳಗಿಟ್ಟು ಸ್ಟೇಷನ್ನಿಗೆ ಹೋದೆ. ಸಾಹೇಬರು ತೆಳ್ಳಗಿನ ಮನುಷ್ಯ, ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದರು.

"ನಮ್ಮಕ್ಕ ಮರೆತಿಲ್ಲ," ಎಂದೆ. "ಮರೆತಳು ಅಂತ ಊರಿಗೆಲ್ಲ ಹೇಳಿದ್ರಲ್ಲ, ಈಗ ಅದೇ ಬಾಯಲ್ಲಿ ಮರೆತಿಲ್ಲ ಅಂತ ಹೇಳಿ."

"ನೋಡಿ ಇವರೇ, ಸದ್ದು ನಿಂತರೆ ಪ್ಲೇಟು ಹಾಕಬೇಕು ಅಂತ ಇಲ್ಲಿ ನಿಯಮ ಇದೆ. ಏನಾದರೂ ಕಾರಣ ಹೇಳಲೇಬೇಕಲ್ಲ."

"ಕಾರಣ ಹೇಳಿ, ಸುಳ್ಳು ಹೇಳ್ಬೇಡಿ! ಜನ ಚಪ್ಪಾಳೆ ಹೊಡೀತಿದ್ರು ರೀ ಹೊರಗೆ!"

"ನಮಗೆ ಹೇಗೆ ಗೊತ್ತಾಗಬೇಕು?"

"ಗೊತ್ತಾಗಲ್ಲ! ಕಂಬಳಿ ಹೊದ್ದು ಕೂತಿದ್ರೆ ಹೇಗೆ ಗೊತ್ತಾಗುತ್ತೆ?" ನನ್ನ ದನಿ ಎಷ್ಟು ಏರಿತೆಂದರೆ ಕೆಂಪು ದೀಪ ಉರಿಯುತ್ತಿದ್ದ ಬಾಗಿಲಿನಿಂದ ಯಾರೋ ಓಡಿಬಂದು "ಶ್! ಹಾಡು ಹೋಗ್ತಾ ಇದೆ" ಎಂದ. ಹೋಗಲಿ, ನನ್ನದೂ ಹೋಗಲಿ ಎಂದೆ.

ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಬಂತು. ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳು, ಸೆರಗಿಗೆ ದಾರ ಅಂಟಿತ್ತು. "ನೀನ್ಯಾರೋ ನನ್ನ ಪರವಾಗಿ ಅರಚೋಕೆ? ಹೊರಗೆ ನಿಲ್ಲು!" ನನಗೆ ಹೇಳಿ ಸಾಹೇಬರ ಕಡೆ ತಿರುಗಿದಳು. "ಭಾನುವಾರ ಎಲ್ಲೂ ನಿಲ್ಲಲ್ಲ. ಬೆಂಕಿ ಬಿದ್ರೂ ನಿಲ್ಲಲ್ಲ. ನಿಂತರೆ ಆ ಪ್ಲೇಟು ನನ್ನ ತಲೆ ಮೇಲೆ ಹಾಕಿ ಒಡೀರಿ."

ಸಾಹೇಬರು ಒಪ್ಪಿದರು. ನ್ಯಾಯ ಕಂಡು ಒಪ್ಪಿದರು ಎಂದು ಯಾರೂ ತಿಳಿಯಬೇಡಿ. ಅಷ್ಟರೊಳಗೆ ಆ ಪಾತ್ರ ಕಲಿಯುವ ಇನ್ನೊಬ್ಬಳು ಸಿಗಲಿಲ್ಲ, ಗತಿಯಿಲ್ಲದೆ ಒಪ್ಪಿದರು. ಮರೆತಳು ಎಂದದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದಕ್ಕೆ ನಾನು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ.

ವಾರದ ಉಳಿದ ದಿನಗಳಲ್ಲಿ ರೇಡಿಯೊದಲ್ಲಿ ಯಾರು ಹಾಡಿದರೋ, ಯಾವ ನಾಟಕ ಬಂತೋ ನಾನು ಕಾಣೆ. ನಮ್ಮ ಮನೆಯಲ್ಲಿ ನಿಲ್ಲದಿರುವ ತಾಲೀಮು ನಡೆಯಿತು. ಪಾತ್ರೆ ತೊಳೆಯುತ್ತಾ, ನೀರು ಹೊರುತ್ತಾ ಅಕ್ಕ ಮಾತು ಹೇಳುವುದು, ಹೆಂಡತಿ ಬೇಕೆಂದೇ ಚಪ್ಪಾಳೆ ತಟ್ಟಿ ಅವಳನ್ನು ನಿಲ್ಲಿಸಲು ನೋಡುವುದು. ಮೊದಲ ದಿನ ಪ್ರತಿ ಸಲವೂ ನಿಂತಳು, ನಿಂತು ತನ್ನ ಬಾಯಿಗೇ ಹೊಡೆದುಕೊಂಡಳು. ಶನಿವಾರದ ಹೊತ್ತಿಗೆ ಹೆಂಡತಿಯ ಅಂಗೈ ಕೆಂಪಾಗಿತ್ತು, ಅಕ್ಕ ನಿಲ್ಲಲಿಲ್ಲ.

ಒಂದು ಮಾತನ್ನು ಮಾತ್ರ ಅವಳು ಮನೆಯಲ್ಲಿ ಹೇಳಲಿಲ್ಲ, ನಾಟಕದ ಕೊನೆಯ ಮಾತು. ಆಟಕ್ಕೆ ಮೊದಲು ಕೊನೆಯ ಮಾತನ್ನು ಮನೆಯವರ ಕಿವಿಗೆ ಹಾಕಬಾರದು ಎನ್ನುವುದು ಕಂಪನಿಯ ಕಟ್ಟಳೆ. "ಅದನ್ನ ಮೆತ್ತಗೆ ಹೇಳಬೇಕಂತೆ," ಎಂದಳು. "ಉಸಿರಿನಷ್ಟು ಮೆತ್ತಗೆ. ತಾಲೀಮಲ್ಲಿ ಮೊದಲು ಸಾಹೇಬರಿಗೆ ಬೈದೆ. ನಮ್ಮ ಕಂಪನೀಲಿ ಗುಟ್ಟನ್ನೂ ಕೂಗಿಯೇ ಹೇಳ್ಬೇಕಿತ್ತು, ಇಲ್ಲಾಂದ್ರೆ ಕೊನೇ ಬೆಂಚು ಸಿಳ್ಳೆ ಹೊಡೀತಿತ್ತು. ಆಮೇಲೆ ಒಂದ್ಸಲ ಹೇಳಿ ನೋಡಿದೆ. ಗಾಜಿನ ಆಚೆ ಇದ್ದೋನು ಕಣ್ಣು ಒರೆಸಿಕೊಂಡ ಕಣೋ. ಮೆತ್ತಗೆ ಆಡಿದ ಮಾತೂ ತಾಗುತ್ತೆ ಅಂತ ನನಗೆ ಇಷ್ಟು ವರ್ಷ ಯಾರೂ ಹೇಳಿರಲೇ ಇಲ್ಲ. ಭಾನುವಾರ ಕೇಳು." ಹೀಗೆ ಹೇಳಿ ಅವಳು ಗದ್ದ ಎತ್ತಲಿಲ್ಲ. ಸೂಜಿಗೆ ನೂಲು ಪೋಣಿಸುತ್ತ ಕೂತಳು.

ಭಾನುವಾರ ಪಕ್ಕದ ಬೀದಿಯವರೂ ಬಂದಿದ್ದರು. ಗಡಿಯಾರದವನು ಮುಂದೆಯೇ ನಿಂತಿದ್ದ, ಮತ್ತೆ ನಗುವುದಕ್ಕೆ. ಹೆಂಡತಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ನಾಟಕದಲ್ಲಿ ಅಕ್ಕ ಒಬ್ಬ ಒಂಟಿ ಹೆಂಗಸು. ತಪ್ಪಿಸಿಕೊಂಡು ಬಂದ ಒಬ್ಬನನ್ನು ಮನೆಯೊಳಗೆ ಬಚ್ಚಿಟ್ಟಿದ್ದಾಳೆ, ಸಿಪಾಯಿಗಳು ಬಾಗಿಲಿಗೆ ಬಂದಿದ್ದಾರೆ. ಎಲ್ಲೂ ನಿಲ್ಲಲಿಲ್ಲ ಅಕ್ಕ, ನೀರು ಹರಿದ ಹಾಗೆ ಹೋದಳು. ಕೊನೆಗೆ ಸಿಪಾಯಿಗಳಿಗೆ ಅಡ್ಡ ನಿಂತು ಗುಡುಗಿದಳು:

"ಈ ಬಾಗಿಲಿಗೆ ಚಿಲಕ ಇಲ್ಲ ಕಣ್ರೋ, ನಾನೇ ಚಿಲಕ!"

ಇಡೀ ಬೀದಿ ಕುಣಿದುಬಿಟ್ಟಿತು. ಚಪ್ಪಾಳೆ, ಸಿಳ್ಳೆ, ಗಂಟೆ. ಗಡಿಯಾರದವನು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ. ನನಗೆ ಆಗ ಹೊಳೆಯಿತು. ಅವಳು ನಿಲ್ಲುವುದಿಲ್ಲ! ಈಗಲೇ ಹೇಳುತ್ತಾಳೆ, ಆ ಮೆತ್ತಗಿನ ಮಾತು ಈಗಲೇ ಬರುತ್ತದೆ!

"ನಿಲ್ಸ್ರೋ! ಮುಚ್ರೋ! ಕೈ ಕತ್ತರಿಸ್ತೀನಿ ಕತ್ತೆಗಳಾ!" ಎಂದು ಕೂಗಿದೆ. ಗಡಿಯಾರದವನ ಎರಡೂ ಕೈ ಹಿಡಿದೆ. ಹಿಡಿಯದೆ ಉಳಿದ ಕೈಗಳು ಇನ್ನೆಷ್ಟಿದ್ದವು! ಎಲ್ಲ ಇಳಿಯುವ ಹೊತ್ತಿಗೆ ರೇಡಿಯೊದವನು ಪಾತ್ರಧಾರಿಗಳ ಹೆಸರು ಓದುತ್ತಿದ್ದ. ಅಕ್ಕನ ಹೆಸರು ಮೊದಲೇ ಬಂತು. ಮಾತು ಹೋಗಿತ್ತು.

ಅವಳು ಬಂದದ್ದು ಬಾಡಿಗೆ ಗಾಡಿಯಲ್ಲಿ, ಮುಖ ಅರಳಿಸಿಕೊಂಡು. ಪಂಕ್ಚರ್ ಒಳಗಿನಿಂದ ಸ್ಟೂಲು ತಂದು ಒರೆಸಿ ಹಾಕಿದ. ಗಡಿಯಾರದವನು ತಲೆ ತಗ್ಗಿಸಿಕೊಂಡು, "ಅಕ್ಕಾ, ಚಿಲಕದ ಮಾತು ಇದೆಯಲ್ಲ, ಅಬ್ಬಬ್ಬಾ!" ಎಂದ.

"ಅದು ಬಿಡು, ಅದು ಹಳೇ ಗಂಟಲು," ಎಂದಳು ಅಕ್ಕ. "ಅದಾದ್ಮೇಲೆ ಒಂದು ಮಾತು ಹೇಳಿದೆನಲ್ಲ, ಬಚ್ಚಿಟ್ಟುಕೊಂಡವನ ಕಿವಿಯಲ್ಲಿ. ಅದು ಹೇಗೆ ಬಂತು?"

ಪಂಕ್ಚರ್ ಸೈಕಲ್ಲಿನ ಚಕ್ರ ತಿರುಗಿಸಿದ.

ಅವಳು ಒಬ್ಬೊಬ್ಬರ ಮುಖ ನೋಡುತ್ತ ಬಂದಳು, ನನ್ನ ಮುಖಕ್ಕೆ ಬಂದಾಗ ಅವಳಿಗೆ ಅರ್ಥವಾಯಿತು. "ಚಪ್ಪಾಳೆ ಹೊಡೀತಿದ್ರಾ?"

"ನಾನು ಹೊಡೀಲಿಲ್ಲ ಅಕ್ಕ! ನಿಲ್ಸಿ ಅಂತ ಬೈತಿದ್ದೆ!"

"ಚಪ್ಪಾಳೆಗಿಂತ ಇವರ ಬಾಯೇ ಜೋರಿತ್ತು," ಎಂದಳು ನನ್ನ ಹೆಂಡತಿ. ಅದು ಶುದ್ಧ ಸುಳ್ಳು.

"ಥೂ ನಿಮ್ಮ ಕೈ ಸೇದಿಹೋಗ!" ಅಕ್ಕ ಸ್ಟೂಲನ್ನು ಕಾಲಿನಿಂದ ಒದ್ದಳು. "ಹೊಡೀತಾರೆ ಅಂತ ನಿಂತರೆ ಅಲ್ಲಿ ಪ್ಲೇಟು ಹಾಕ್ತಾರೆ! ನಿಲ್ಲದೆ ಹೇಳಿದ್ರೆ ಇಲ್ಲಿ ಇವರು ಹೊಡೀತಾರೆ! ಜೀವಮಾನದಲ್ಲಿ ಒಂದೇ ಒಂದು ಮಾತು ಕೂಗದೆ ಹೇಳಿದೆ ಕಣ್ರೋ, ಒಂದೇ ಒಂದು!"

"ಈಗ ಹೇಳು, ನಾವೆಲ್ಲ ಕೇಳ್ತೀವಿ," ಎಂದೆ.

"ಬೀದೀಲಿ ನಿಂತು ಮೆತ್ತಗೆ ಹೇಳಿದ್ರೆ ಯಾರಿಗೆ ಕೇಳುತ್ತೆ? ಕೂಗಿ ಹೇಳಿದ್ರೆ ಅದು ಆ ಮಾತೇ ಅಲ್ಲ." ಅವಳು ಮನೆಯ ಕಡೆ ನಡೆದಳು.

ಆಮೇಲೆ ಸ್ಟೇಷನ್ನಿನವರು ಅವಳನ್ನು ಮತ್ತೆ ಮತ್ತೆ ಕರೆದರು, ಹೋದಳು, ಮೆತ್ತಗಿನ ಮಾತುಗಳನ್ನು ಎಷ್ಟೋ ಆಡಿದಳು. ಪಂಕ್ಚರ್ ಅಂಗಡಿಯ ಮುಂದೆ ಚಪ್ಪಾಳೆ ತಟ್ಟಬಾರದೆಂದು ನಾನೇ ಹಲಗೆಯ ಮೇಲೆ ಕೊರೆದು ತೂಗುಹಾಕಿದೆ. ಆದರೆ ಆ ಭಾನುವಾರದ ಮಾತನ್ನು ಅವಳು ನನಗೆ ಹೇಳಲಿಲ್ಲ. ಒಂದು ಸಂಜೆ ಒಲೆಯ ಮುಂದೆ ನನ್ನ ಹೆಂಡತಿಯ ಕಿವಿಗೆ ಬಾಯಿಟ್ಟು ಏನೋ ಅಂದಳು. ಹೊರಗೆ ಮರ ಉಜ್ಜುತ್ತಿದ್ದ ನಾನು ಕೈ ನಿಲ್ಲಿಸಿದೆ, ಕೇಳಿಸಲಿಲ್ಲ. ಹೆಂಡತಿ ಮಾತ್ರ ಹಿಟ್ಟಿನ ಕೈ ಹಾಗೆಯೇ ಹಿಡಿದು ಕೂತಿದ್ದಳು. ಚಪ್ಪಾಳೆ ತಟ್ಟಲಿಲ್ಲ.

"ಏನಂದಳು?" ಎಂದು ಕೇಳಿದೆ.

"ನಿಮಗಲ್ಲ," ಎಂದಳು.

ಅಕ್ಕ ಈಗ ಇಲ್ಲ. ಹೆಂಡತಿಯನ್ನು ಕೇಳಿ ಕೇಳಿ ಬೈದು ಸಾಕಾಗಿದೆ. ಬೈದಾಗಲೆಲ್ಲ ಅವಳದು ಒಂದೇ ಉತ್ತರ: ಮೊದಲು ದನಿ ಇಳಿಸಿ, ಆಮೇಲೆ ನೋಡೋಣ.