ಅಪ್ಪನ ದೊಡ್ಡ ಗಾಳ

ಪೆಟ್ರೋಲು, ತುಕ್ಕು, ಒಣಗಿದ ಮೀನಿನ ಲೋಳೆ. ಸ್ವೀಡನ್ನಿನ ಸುಂಡ್‌ಬೀಬರ್ಯ್‌ನ ನಮ್ಮ ಬಾಡಿಗೆ ಫ್ಲ್ಯಾಟಿನ ನೆಲಮಾಳಿಗೆಯಲ್ಲಿ ಹೋದ ವಾರ ಅಪ್ಪನ ಗಾಳದ ಪೆಟ್ಟಿಗೆ ತೆರೆದದ್ದೇ ತಡ, ಮೂರೂ ಒಟ್ಟಿಗೆ ಮೂಗಿಗೆ ಹೊಡೆದವು. ನಿಮಗೂ ಇಂಥದೊಂದು ವಾಸನೆ ಇದ್ದೀತು, ಇಲ್ಲದ ಮನೆಯೊಂದನ್ನು ಕ್ಷಣದಲ್ಲಿ ಎಬ್ಬಿಸಿ ನಿಲ್ಲಿಸುವಂಥದ್ದು. ಪೆಟ್ಟಿಗೆಯ ತಳದಲ್ಲಿ ಗೇಣುದ್ದದ ಮರದ ಹುಸಿಮೀನು ಮಲಗಿತ್ತು. ಇಲ್ಲಿನವರು ಅದನ್ನು ವಾಬ್ಲರ್ ಅನ್ನುತ್ತಾರೆ. ಹೊಟ್ಟೆಯಡಿ ಒಂದು, ಬಾಲದಲ್ಲೊಂದು ಮೂರು ಮೊನೆಯ ಕೊಕ್ಕೆ. ಬೆನ್ನ ಮೇಲೆ ಜಜ್ಜಿದ ಗುರುತು. ಮೀನು ಕಚ್ಚಿದ್ದಲ್ಲ ಅದು, ನಮ್ಮಪ್ಪ ಹೊಡೆದದ್ದು.

ಆಗ ನಾವು ಕಾರ್ಲ್‌ಸ್ಟಾಡ್‌ನಲ್ಲಿದ್ದೆವು. ಅಪ್ಪನಿಗೆ ಅಲ್ಲಿನ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸ. ಈ ದೇಶದಲ್ಲಿ ಹೊರಗಿನವರಿಗೂ ಫೀಸಿಲ್ಲದ ಕಾಲ ಅದು. ಹಾಗಾಗಿ ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಓದುವುದಕ್ಕೆಂದು ಬಂದು ನಮ್ಮ ಹಾಲಿನ ಸೋಫಾದ ಮೇಲೇ ಬೀಡುಬಿಟ್ಟಿದ್ದ. ಇಬ್ಬರೂ ಗಂಗೊಳ್ಳಿಯ ಕಡಲಮಕ್ಕಳು. ಅಜ್ಜಯ್ಯ ದೋಣಿಯ ತಾಂಡೇಲರು, ಎಂದರೆ ಯಜಮಾನರು. ದೋಣಿ ನೀರಿಗಿಳಿದ ಮೇಲೆ ತಾಂಡೇಲರ ಮಾತಿಗೆ ಎದುರಾಡುವಂತಿಲ್ಲ, ಸ್ವಂತ ಮಗನಾದರೂ ಸರಿಯೇ. ಅಪ್ಪ ಇಲ್ಲಿಗೆ ಬಂದ ಮೇಲೆ, ಚಿಕ್ಕಪ್ಪ ಇನ್ನೂ ಊರಲ್ಲಿದ್ದಾಗ, ಒಂದು ಮಳೆಗಾಲದ ಮುಂಚೆ ಆ ದೋಣಿ ಮಗುಚಿತು. ಜೊತೆಗಿದ್ದ ಚಿಕ್ಕಪ್ಪ ಹೇಗೋ ದಡ ಸೇರಿದ. ಅಜ್ಜಯ್ಯನ ಹೆಣವೂ ಸಿಗಲಿಲ್ಲ. ನಮ್ಮ ಮನೆಯಲ್ಲಿ ಆ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

ಅದನ್ನು ಬಿಟ್ಟು ಮಿಕ್ಕ ಎಲ್ಲದಕ್ಕೂ ಜಗಳ. ಅನ್ನ ಮುದ್ದೆಯಾದರೆ ಜಗಳ, ಒದ್ದೆ ಟವೆಲು ಸೋಫಾದ ಮೇಲಿದ್ದರೆ ಜಗಳ. ನಮ್ಮ ಮನೆಯ ಗಂಡಸರಿಗೆ ಸಿಟ್ಟು ಮೂಗಿನ ತುದಿಯಲ್ಲೇ, ನನಗೂ ಅದೇ ಮೂಗು ಬಂದಿದೆ, ಏನು ಮಾಡಲಿ! ಮಿಕ್ಸಿಯಲ್ಲಿ ಕೊತ್ತಂಬರಿ, ಮೆಣಸು, ತೆಂಗಿನಕಾಯಿ ಅರೆಯುವ ಸದ್ದನ್ನೂ ಮೀರಿ ಇಬ್ಬರೂ ಕೂಗುತ್ತಿದ್ದರು. ಅಪ್ಪ ಗೋಡೆಗೆ ತಟ್ಟೆ ಎಸೆದರೆ ಚಿಕ್ಕಪ್ಪ ಬಾಗಿಲನ್ನೇ ಒದೆಯುತ್ತಿದ್ದ. ಅಮ್ಮ ಒಂದೊಂದೇ ಕಿಟಕಿ ಮುಚ್ಚುತ್ತಾ ಬರುತ್ತಿದ್ದಳು. "ಸ್ವಲ್ಪ ಮೆಲ್ಲ, ಕಾಣಿ! ಕಮ್ಯೂನಿನವ್ರಿಗೆ ಕೇಂಡ್ರೆ ಹೆಣ್ಣನ್ನ ಕರ್ಕಂಡ್ ಹೋತ್ರ್!" ಕಮ್ಯೂನ್ ಅಂದರೆ ಇಲ್ಲಿನ ನಗರಸಭೆ, ಹೊಡೆದಾಟದ ಮನೆಯಿಂದ ಮಕ್ಕಳನ್ನು ಕರೆದೊಯ್ಯುವ ಅಧಿಕಾರ ಅವರಿಗಿದೆ; ಹೆಣ್ಣು ಅಂದರೆ ನಾನು. ಆ ಒಂದು ಮಾತಿಗೆ ಇಬ್ಬರೂ ತೆಪ್ಪಗಾಗುತ್ತಿದ್ದರು. ಅರ್ಧ ಗಂಟೆಯಲ್ಲಿ ಒಂದೇ ತಟ್ಟೆಯ ಹುರಿದ ಮೀನಿಗೆ ಕೈ ಹಾಕುತ್ತಿದ್ದರು. ಆ ಮಸಾಲೆಯ ಘಮ ನನ್ನ ಶಾಲೆಯ ಜಾಕೆಟ್ಟಿಗೂ ಅಂಟಿರುತ್ತಿತ್ತು. ಅದಕ್ಕಾಗಿ ಆಗ ನಾಚಿಕೊಳ್ಳುತ್ತಿದ್ದೆ, ಈಗ ಹಂಬಲಿಸುತ್ತೇನೆ.

ಬೇಸಿಗೆಯ ಶನಿವಾರಗಳಲ್ಲಿ ಅಪ್ಪ, ಚಿಕ್ಕಪ್ಪ, ನಾನು ಮೂವರೂ ಹಳೆಯ ಅಲ್ಯುಮಿನಿಯಂ ದೋಣಿಯಲ್ಲಿ ವೇನರ್ನ್ ಸರೋವರಕ್ಕೆ ಇಳಿಯುತ್ತಿದ್ದೆವು. ಸರೋವರ ಅನ್ನುವುದು ಹೆಸರಿಗೆ, ಆಚೆ ದಡ ಕಾಣದ ಕಡಲೇ ಅದು. ಎಂಜಿನನ್ನು ನಿಧಾನ ಓಡಿಸುತ್ತಾ, ಹುಸಿಮೀನನ್ನು ದೋಣಿಯ ಹಿಂದೆ ದೂರಕ್ಕೆ ಬಿಟ್ಟು ಎಳೆಯುತ್ತಾ ಹೋಗುವ ಬೇಟೆ. ಬೇಕಾದದ್ದು ಅಬ್ಬೊರೆ: ಮೈಮೇಲೆ ಕಪ್ಪು ಪಟ್ಟೆ, ಕೆಂಪು ರೆಕ್ಕೆ, ಬೆನ್ನಲ್ಲಿ ಮುಳ್ಳು, ಬಲು ರುಚಿಯ ಮೀನು. ಅದಕ್ಕೆ ಎಲ್ಲರೂ ಬೆರಳುದ್ದದ ಗಾಳ ಬಿಟ್ಟರೆ ಅಪ್ಪ ಗೇಣುದ್ದದ್ದು ಬಿಡುತ್ತಿದ್ದ. "ಸಣ್ಣದಕ್ಕೆ ಸಣ್ಣದೇ ಬತ್ತ್. ದೊಡ್ಡದ್ ಬೇಕಾರೆ ದೊಡ್ಡದೇ ಬಿಡ್ಕ್, ಅಪ್ಪಯ್ಯ ಹೇಳ್ತಿದ್ರ್" ಅನ್ನುತ್ತಿದ್ದ. ಸಿಕ್ಕ ಮೀನನ್ನು ತಡಮಾಡದೆ ತಲೆಗೆ ಬಡಿದು ಕೊಲ್ಲುವುದು ಇಲ್ಲಿನ ಪದ್ಧತಿ, ಅದು ನರಳಬಾರದೆಂದು. ಅದಕ್ಕೆಂದೇ ಒಂದು ಗಿಡ್ಡ ದೊಣ್ಣೆಯಿತ್ತು. ಒಂದು ಏಟು ಸಾಕಾಗುವ ಕಡೆ ಅಪ್ಪ ನಾಲ್ಕು ಕೊಡುತ್ತಿದ್ದ. ತಟ್ಟೆ ಒಡೆಯುವವನ ಕೈಯೇ ಅದು.

ಅಂದು ಗಾಳಿ ಜೋರಿತ್ತು. ಅಲೆ ದೋಣಿಯ ಮೂತಿಗೆ ರಪ್ಪನೆ ಬಡಿಯುತ್ತಿತ್ತು. ಚಿಕ್ಕಪ್ಪ ತನ್ನ ಸಣ್ಣ ಗಾಳಕ್ಕೆ ಸಣ್ಣ ಅಬ್ಬೊರೆಗಳನ್ನು ಒಂದರ ಹಿಂದೊಂದು ಎತ್ತುತ್ತಾ ಅಪ್ಪನನ್ನು ಕೆಣಕುತ್ತಿದ್ದ. "ನಿನ್ನ ಆ ಕೊರಡು ಕಂಡ್ರೆ ಮೀನು ಹೆದ್ರಿ ಊರೇ ಬಿಟ್ಟು ಹೋತ್ತ್ ಅಣ್ಣ. ತಿರ್ಗಿಸ್, ಮನಿಗೆ ಹೋಪ." ಅಪ್ಪ ಉರಿದುಬಿದ್ದ. "ದೋಣಿಯಗೆ ತಾಂಡೇಲ ಹೇಳಿದ್ದೇ ಮಾತ್. ಇಲ್ಲಿ ತಾಂಡೇಲ ನಾನ್. ಬಾಯ್ ಮುಚ್ಕಂಡ್ ಕೂಕೋ!" ಚಿಕ್ಕಪ್ಪ ನಗುವುದನ್ನು ನಿಲ್ಲಿಸಿದ. ಅಷ್ಟರಲ್ಲಿ ಅಪ್ಪನ ಗಾಳದ ಕೋಲು ಬಿಲ್ಲಿನಂತೆ ಬಗ್ಗಿತು.

ಅಂಥ ಅಬ್ಬೊರೆಯನ್ನು ನಾನು ಮತ್ತೆಂದೂ ನೋಡಿಲ್ಲ. ಚಿಕ್ಕಪ್ಪ ಕೈಬಲೆ ಹಿಡಿದು ಬಗ್ಗಿದ. ಮೀನು ದೋಣಿಗೆ ಬಿದ್ದು ಒಮ್ಮೆ ತಲೆ ಕೊಡವಿತು ನೋಡಿ, ಹುಸಿಮೀನಿನ ಹೊಟ್ಟೆಯ ಕೊಕ್ಕೆ ಅದರ ಬಾಯಲ್ಲಿದ್ದ ಹಾಗೇ ಬಾಲದ ಕೊಕ್ಕೆ ಚಿಕ್ಕಪ್ಪನ ಅಂಗೈಗೆ ಇಳಿಯಿತು. ಅದು ಒದ್ದಾಡಿದಷ್ಟೂ ಕೊಕ್ಕೆ ಒಳಕ್ಕೆ. ಚಿಕ್ಕಪ್ಪ ಕಿರುಚುತ್ತಾ ಮೀನನ್ನು ಇನ್ನೊಂದು ಕೈಯಲ್ಲಿ ದೋಣಿಯ ತಳಕ್ಕೆ ಒತ್ತಿದ. "ಬಿಡ್ಬೇಡ, ಗಟ್ಟಿ ಹಿಡಿ!" ಎಂದು ಅಪ್ಪ ದೊಣ್ಣೆ ಎತ್ತಿದ. ಮೊದಲ ಏಟಿಗೇ ಮೀನು ಸತ್ತಿತು. ಅಪ್ಪ ನಿಲ್ಲಿಸಲಿಲ್ಲ. ಮೀನಿಗೆ ಬಡಿದ, ಹುಸಿಮೀನಿಗೆ ಬಡಿದ, ರಕ್ತ ನನ್ನ ಲೈಫ್ ಜಾಕೆಟ್ಟಿಗೆ ಸಿಡಿಯಿತು. ಆಮೇಲೆ ಚಿಕ್ಕಪ್ಪನ ಹೆಗಲಿಗೇ ಬಡಿದ. "ಮೀನ್ ಹಿಡುಕೆ ಬತ್ತಲ್ಲ ಈ ಕೈ! ಅವತ್ತ್ ಎಲ್ಲಿತ್ತಾ? ಅಪ್ಪಯ್ಯನ್ನ ಎಂತಕ್ಕೆ ಬಿಟ್ಟೆ, ಹೇಳಾ!"

"ಸ್ಲುತಾ, ಪಪ್ಪಾ! ಸ್ಲುತಾ!" ಎಂದು ನಾನು ಅರಚಿದೆ. ನಿಲ್ಲಿಸು ಅನ್ನಲು ನನಗೆ ಆಗ ಸ್ವೀಡಿಷೇ ಬಾಯಿಗೆ ಬಂದದ್ದು.

ಚಿಕ್ಕಪ್ಪ ಏಟು ತಪ್ಪಿಸಿಕೊಳ್ಳಲೂ ಇಲ್ಲ. "ಬಿಡ್ಲಿಲ್ಲ ಅಣ್ಣ. ಅಪ್ಪಯ್ಯನ ಕೈ ಹಿಡ್ಕಂಡೇ ಇದ್ದೆ" ಎಂದ. "ಸಿಕ್ಕಿದ್ದ್ ಒಂದೇ ಹಲಗೆ, ಇಬ್ರನ್ನ ತಾಂಗ್ಲಿಲ್ಲ. ಬಿಡಾ ಅಂದ್ರ್ ಅಪ್ಪಯ್ಯ. ನಾ ಬಿಡ್ಲಿಲ್ಲ. ಆಗ, ತಾಂಡೇಲನಾಗಿ ಹೇಳ್ತಿದ್ದೆ, ಬಿಡ್ ಅಂದ್ರ್." ಅವನ ಅಂಗೈಯಿಂದ ರಕ್ತ ಸುರಿಯುತ್ತಿತ್ತು. "ತಾಂಡೇಲ್ರ್ ಹೇಳಿದ್ಮೇಲೆ ನಾನ್ ಎಂತ ಮಾಡ್ಲಿ?"

ದೊಣ್ಣೆ ಅಪ್ಪನ ಕೈಯಿಂದ ನೀರಿಗೆ ಬಿತ್ತು. ಅವನು ಎಂಜಿನಿನ ಹತ್ತಿರ ಹೋಗಿ ಕೂತು ದೋಣಿ ತಿರುಗಿಸಿದ. ಆಸ್ಪತ್ರೆಯಲ್ಲಿ ಹೆಗಲ ಊತಕ್ಕೂ ಚಿಕ್ಕಪ್ಪ ಮೀನಿನ ಮೇಲೇ ದೂರು ಹಾಕಿದ. ಆ ಮೀನನ್ನು ಅಮ್ಮ ಸಾರು ಮಾಡಿದಳು, ಯಾರೂ ಮುಟ್ಟಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಜಗಳ ನಿಂತಿತು. ಜಗಳದ ಜೊತೆ ಮನೆಯೂ ನಿಂತುಹೋಯಿತು ಅಂತಲೇ ನನಗೆ ಅನಿಸುವುದು. ಅಪ್ಪನಿಗೆ ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ, ಚಿಕ್ಕಪ್ಪನಿಗೆ ಪರವಾಗಿಲ್ಲ ಅನ್ನಲು ಅವಕಾಶ ಸಿಗಲಿಲ್ಲ. ಓದು ಮುಗಿದದ್ದೇ ಅವನು ಬಡಗಣ ಲುಲೆಯೊದಲ್ಲಿ ಕೆಲಸ ಹಿಡಿದು ಹೊರಟುಹೋದ. ಅಮ್ಮ ಕಿಟಕಿ ತೆರೆದೇ ಅಡುಗೆ ಮಾಡತೊಡಗಿದಳು.

ಈ ಚಳಿಗಾಲ ಅಪ್ಪ ಹೋದ. ಚಿಕ್ಕಪ್ಪ ರಾತ್ರಿಯಿಡೀ ರೈಲಿನಲ್ಲಿ ಬಂದ, ತಲೆ ಪೂರ್ತಿ ನೆರೆತಿತ್ತು. ಕಡೆಯ ದರ್ಶನದ ಕೋಣೆಯಲ್ಲಿ ಅಪ್ಪನ ಪಕ್ಕ ನಿಂತು, ಆ ಗಾಯದ ಕಲೆಯಿದ್ದ ಕೈಯಲ್ಲಿ ಅವನ ಕೈ ಹಿಡಿದುಕೊಂಡ. ಶವಪೆಟ್ಟಿಗೆ ಮುಚ್ಚುವ ಹೊತ್ತಾಯಿತು, ಅಲ್ಲಿಯವರು ಬಾಗಿಲಲ್ಲಿ ಕಾಯುತ್ತಿದ್ದರು. ಅಮ್ಮ ಅವನ ಬೆನ್ನು ಸವರಿ, "ಸಾಕು ಮಗಾ, ಬಿಡ್" ಅಂದಳು.

"ಅಣ್ಣ ಹೇಳ್ಲಿ ಅತ್ಗೆ" ಎಂದ ಚಿಕ್ಕಪ್ಪ. "ಅಣ್ಣ ಹೇಳ್ಲಿ, ಬಿಡ್ತೆ."

ಕೊನೆಗೆ ಅಮ್ಮನೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.