ನೀರಿಗೆ ಅಂಜುವ ಪಾಳಕ ಸಾಹೇಬರು

ಮೊನ್ನೆ ನಮ್ಮ ಓಣಿಯ ಶಾಲೆಯ ಅಂಗಳದಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳನ್ನು ಬಿಸಿಲಿಗೆ ಹರವಿದ್ದರು. ಮಳೆಗಾಲದ ತಯಾರಿ. ಪಕ್ಕದಿಂದ ಹಾಯುವಾಗ ಹೊಳೆಯ ಕೆಸರು, ಕಾದ ರಬ್ಬರು ಎರಡೂ ಬೆರೆತ ಕಮಟು ವಾಸನೆ ಮೂಗಿಗೆ ಬಡಿಯಿತು. ಕಾಯಿಪಲ್ಲೆಯ ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ಅಂಥದ್ದೇ ಜಾಕೆಟ್ಟು ತೊಟ್ಟು, ಅದರ ಪಟ್ಟಿಯನ್ನು ಎರಡೂ ಕೈಯಿಂದ ಬಿಗಿಹಿಡಿದು, ನಮ್ಮ ಮಾಳಿಗೆಯ ಕೆಳಗೆ ದೋಣಿಯಲ್ಲಿ ಕೂತಿದ್ದ ಪಾಳಕ ಸಾಹೇಬರು ಕಣ್ಣ ಮುಂದೆ ಬಂದರು...

ಕುರುಂದವಾಡದ ನಮ್ಮ ಸಣ್ಣ ಕ್ರೈಸ್ತ ಸಭೆಗೆ ಅವರು ಪಾಸ್ಟರಾಗಿ ಬಂದಿದ್ದರು. ಇಲ್ಲಿ ಕನ್ನಡ ಮರಾಠಿ ಎರಡೂ ಒಂದೇ ಬಾಯಲ್ಲಿ ಓಡಾಡುತ್ತವೆ, ಹಾಗಾಗಿ ಎಲ್ಲರಿಗೂ ಅವರು ಪಾಳಕ ಸಾಹೇಬರು. ಎತ್ತರದ ಆಳು, ದೊಡ್ಡ ದನಿ. ಆದರೆ ನೀರು ಕಂಡರೆ ಆ ಮನುಷ್ಯ ಮುದುಡಿಹೋಗುತ್ತಿದ್ದರು. ನಮ್ಮಲ್ಲಿ ದೀಕ್ಷಾಸ್ನಾನ ಹೊಳೆಯಲ್ಲೇ ಆಗಬೇಕು, ಅದು ಹಿಂದಿನಿಂದ ಬಂದ ಪದ್ಧತಿ. ಮೊದಲ ಸಲ ಕೃಷ್ಣೆಯಲ್ಲಿ ಸೊಂಟಮಟ ಇಳಿದವರು, ದೀಕ್ಷೆ ಪಡೆಯಲು ಬಂದ ಹುಡುಗನ ಹೆಗಲನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ, ಯಾರು ಯಾರನ್ನು ಮುಳುಗಿಸುತ್ತಿದ್ದಾರೆ ಎಂಬುದೇ ದಂಡೆಯಲ್ಲಿದ್ದ ನಮಗೆ ತಿಳಿಯಲಿಲ್ಲ.

ಮುಂದಿನ ರವಿವಾರ ಆರಾಧನೆಯಲ್ಲಿ ಎಲ್ಲರ ಎದುರಿಗೇ ಹೇಳಿಬಿಟ್ಟರು. “ನನಗ ನೀರಂದ್ರ ಭಾಳ ಅಂಜಿಕಿ ಐತ್ರಿ. ಸಣ್ಣಾಂವ ಇದ್ದಾಗಿಂದ ಐತಿ. ತಗದುಬಿಡು ಅಂತ ದೇವರನ್ನ ಬೇಡಕೊಂಡೆ, ತಗೀಲಿಲ್ಲ. ತಗೀಲಿಲ್ಲ ಅಂದ್ರ ಇದರಿಂದನೂ ಆತಗ ಏನರ ಕೆಲಸ ಇರಬೇಕು. ಇನ್ನ ಮುಂದ ನಾ ಹೊಳಿಗೆ ಇಳಿಯುವಾಗ ಯಾರರ ಬಂದು ನನ್ನ ಕೈ ಹಿಡೀರಿ.”

ಸಭೆಯಲ್ಲಿ ಗುಸುಗುಸು ಶುರುವಾಯಿತು. ಕುರಿ ಕಾಯುವವನೇ ಹೀಗಾದರೆ ಕುರಿಗಳ ಗತಿಯೇನು ಎಂದರು ಹಿರಿಯರು. ನನ್ನ ಅವ್ವನಂತೂ ಅವರಿಗೆ ಚಹಾ ಕೊಡುತ್ತಲೇ ಮುಖಕ್ಕೆ ಹೇಳಿದಳು: “ಅಂಜಬ್ಯಾಡ್ರಿ ಅಂತ ನಮಗ ಸಾರತೀರಿ, ನೀವು ಬೆಕ್ಕಿನಂಗ ನೀರಿಗೆ ಅಂಜತೀರಿ. ಹೇಳೋದು ಪುರಾಣ, ತಿನ್ನೋದು ಬದನಿಕಾಯಿ.”

“ಹೌದ್ರಿ ಅವ್ವಾರ, ಬದನಿಕಾಯಿ ನನಗ ಭಾಳ ಸೇರತೈತ್ರಿ,” ಎಂದು ನಕ್ಕು ಚಹಾ ಮುಗಿಸಿದರು.

ಅವ್ವ ಎಂದೂ ಯಾವುದಕ್ಕೂ ಅಂಜಿದವಳಲ್ಲ. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ನಿಂತು ಕಬ್ಬು ಬೆಳೆದವಳು, ಭಾವಮೈದುನರ ಜೊತೆ ಕೋರ್ಟು ಹತ್ತಿ ಗೆದ್ದು ಬಂದವಳು. ಅವಳಿಗೆ ಅಂಜಿಕೆಯೆಂದರೆ ಕಂಡವರ ಮನೆಯ ರೋಗ. ನಾನೂ ಹಾಗೇ ನಂಬಿದ್ದೆ.

ಆ ವರ್ಷ ಕೃಷ್ಣೆ, ಪಂಚಗಂಗೆ ಎರಡೂ ಕೂಡಿಯೇ ಏರಿದವು. ಬಂದರೆ ಹೊಸ್ತಿಲತನಕ ಎಂದುಕೊಂಡು, ಸಾಮಾನು ಮಾಳಿಗೆಗೆ ಸಾಗಿಸಿ ಅವ್ವನೂ ನಾನೂ ಮನೆಯಲ್ಲೇ ಉಳಿದೆವು. ಮರುದಿನ ಮಧ್ಯಾಹ್ನ ಕೆಳಮನೆ ಪೂರಾ ನೀರಲ್ಲಿತ್ತು. ನಮ್ಮದು ಹಳೆಯ ಮಣ್ಣಿನ ಗೋಡೆ. ಕಾಲ ಕೆಳಗೆ ಎಲ್ಲೋ ಮಣ್ಣು ಕರಗಿ ಬೀಳುವ ಸದ್ದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ...

ದೋಣಿ ಬಂದು ಮಾಳಿಗೆಯ ಗ್ಯಾಲರಿಗೆ ಆತು ನಿಂತಿತು. “ಗ್ವಾಡಿ ನೆನದಾವು, ಸಂಜೀತನಕ ನಿಲ್ಲಂಗಿಲ್ಲ, ಲಗೂ ಇಳೀರಿ,” ಎಂದು ದೋಣಿಯವರು ಕೂಗಿದರು. ಅವ್ವ ಒಳಗೆ ಹೋಗಿ ಕಂಬ ತಬ್ಬಿಕೊಂಡು ಕೂತಳು. ನಾ ಬರಂಗಿಲ್ಲ, ನೀ ಹೋಗು ಎಂಬುದೊಂದೇ ಮಾತು. ಕಾಲು ಹಿಡಿದೆ, ಬೈದೆ, ಅತ್ತೆ. ಎತ್ತಿಕೊಂಡು ಹೋಗಲು ಬಂದವನ ಕೈಯನ್ನು ಕಚ್ಚಿದಳು. ನನಗೆ ಸಿಟ್ಟು, ನಾಚಿಕೆ, ಹೆದರಿಕೆ ಎಲ್ಲ ಒಟ್ಟಿಗೇ ಬಂದವು. ಅವಳನ್ನು ಬಿಟ್ಟು ಹೋಗುವಂತಿಲ್ಲ, ಇದ್ದರೆ ಇಬ್ಬರೂ ಉಳಿಯುವುದಿಲ್ಲ. ಕಡೆಗೆ ದೋಣಿಯವರು, ಇನ್ನೊಂದು ಸಲ ಬರ್ತೇವಿ, ಅದ ಕಡೀದು ಎಂದು ಹೇಳಿ ಹೋದರು.

ಆ ಕಡೆಯ ಸಲದ ದೋಣಿಯಲ್ಲಿ ಪಾಳಕ ಸಾಹೇಬರಿದ್ದರು. ಸುದ್ದಿ ಕೇಳಿ ತಾವೇ ಹಟ ಹಿಡಿದು ಹತ್ತಿದರಂತೆ. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ. ನಮಗೆ ಬಂದ ಕಡ್ಡಿ ನಮಗಿಂತ ಹೆಚ್ಚು ನಡುಗುತ್ತಿತ್ತು. ಯಾರನ್ನು ಕಳಿಸಿದೆಯಪ್ಪಾ ದೇವರೇ ಎಂದು ಹಣೆ ಚಚ್ಚಿಕೊಂಡೆ. ಸಾಹೇಬರ ಮುಖ ಬೂದಿಯಾಗಿತ್ತು. ದೋಣಿಯಿಂದ ಗ್ಯಾಲರಿಗೆ ಕಾಲಿಡಲಾರದೆ, ಮಗುವಿನ ಹಾಗೆ ಅಂಬೆಗಾಲಲ್ಲಿ ಒಳಗೆ ಬಂದು ಅವ್ವನ ಎದುರು ಕೂತರು. ಪ್ರಾರ್ಥನೆ ಮಾಡಲಿಲ್ಲ, ದೇವರ ವಾಕ್ಯ ಹೇಳಲಿಲ್ಲ.

“ಅವ್ವಾರ, ನಿಮ್ಮನ್ನ ಕರಕೊಂಡ ಹೋಗಾಕ ಅಂತ ಬಂದೆ. ಈಗ ತಿರಗಿ ಆ ದೋಣ್ಯಾಗ ಕುಂಡ್ರೂ ಧೈರ್ಯ ನನಗಽ ಇಲ್ಲ. ನೀವು ಕೈ ಹಿಡದ್ರ ಹೊಕ್ಕೇನಿ. ಇಲ್ಲಂದ್ರ ನಾನೂ ಇಲ್ಲೇ ಇರತೇನಿ.”

ಅದು ಉಪಾಯದ ಮಾತಾಗಿರಲಿಲ್ಲ. ಅವರ ಹಲ್ಲು ಕಟಕಟ ಅನ್ನುತ್ತಿದ್ದವು. ಅಷ್ಟರಲ್ಲಿ ಕೆಳಗೆ ಗೋಡೆಯ ದೊಡ್ಡ ತುಂಡೊಂದು ಬಿತ್ತು, ಮಾಳಿಗೆ ಅದುರಿತು. ಅವ್ವ ಅವರನ್ನೇ ನೋಡುತ್ತಿದ್ದಳು. ಒಂದು ಕೈ ಕಂಬ ಬಿಟ್ಟಿತು. ಹುಟ್ಟಿದಾಗಿನಿಂದ ನಾನು ಅವಳ ಬಾಯಲ್ಲಿ ಕೇಳದ ಮಾತು ಆಗ ಬಂತು.

“ನನಗೂ ಅಂಜಿಕಿ ಆಗೇತ್ರಿ ಸಾಹೇಬ್ರ.”

“ಹೌದ್ರಿ. ಬರ್ರಿ, ಇಬ್ರೂ ಕೂಡೇ ಅಂಜೂಣು.”

ದೋಣಿಯಲ್ಲಿ ಇಬ್ಬರೂ ಒಬ್ಬರ ಕೈಯನ್ನೊಬ್ಬರು ಬಿಡಲಿಲ್ಲ. ಸೆಳವು ಬಂದಾಗ ಅವರು ಕಣ್ಣು ಮುಚ್ಚಿದರೆ, “ನೀರಿಗೆ ಇಳದ ಮ್ಯಾಲ ಚಳಿ ಏನ್ರಿ, ಕಣ್ಣ ತಗೀರಿ,” ಎಂದು ಅವ್ವ ಗದರುತ್ತಿದ್ದಳು. ಆ ಸಂಜೆಯೇ ಮನೆ ಕುಸಿಯಿತು. ಆಮೇಲೆ ಅದೇ ಜಾಗದಲ್ಲಿ ಇಟ್ಟಂಗಿಯ ಮನೆ ಕಟ್ಟಿಕೊಂಡೆವು. ಸಾಹೇಬರು ಹೊಳೆಗೆ ಇಳಿಯುವಾಗ ಕೈ ಹಿಡಿಯಲು ಅವ್ವ ಸೀರೆ ಎತ್ತಿಕಟ್ಟಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದಳು. ಮುಂದೆ ಅವರಿಗೆ ಗಡಹಿಂಗ್ಲಜಕ್ಕೆ ವರ್ಗವಾಯಿತು.

ಹೋದ ಮಳೆಗಾಲದಲ್ಲಿ ಅಲ್ಲೇ ತೀರಿಕೊಂಡರು. ಮಣ್ಣಿಗೆಂದು ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಅವ್ವ ಆಡಿದ್ದು ಒಂದೇ ಮಾತು: “ಅವತ್ತ ಧೈರ್ಯದ ಪಾಳಕರು ಬಂದಿದ್ರ ನಾ ಸತ್ತ ಹೋಗತಿದ್ನಿ.” ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸಲು ಹಗ್ಗ ಹಾಕಿದ್ದರು. ಮಳೆಗೆ ಕುಣಿಯ ತಳದಲ್ಲಿ ನೀರು ನಿಂತಿತ್ತು. ಅವ್ವ ಮಂದಿಯನ್ನು ಸರಿಸಿ ಮುಂದೆ ಹೋದಳು.

“ತಡೀರಿ. ಅವರಿಗೆ ನೀರಂದ್ರ ಅಂಜಿಕಿ ಐತಿ.”

ಯಾರೂ ನಗಲಿಲ್ಲ. ಒಬ್ಬರು ಬಕೀಟು ತಂದರು. ನೀರು ಎತ್ತಿ ಚೆಲ್ಲಿದಂತೆ ಮತ್ತೆ ಒಸರುತ್ತಿತ್ತು, ಮತ್ತೆ ಎತ್ತಿದರು. ಪಕ್ಕದ ತೋಟದ ಮನೆಯಿಂದ ಕಬ್ಬಿನ ಒಣ ಸೋಗೆ ತರಿಸಿ ತಳಕ್ಕೆ ದಪ್ಪಗೆ ಹಾಸುವವರೆಗೆ ಅವ್ವ ಪೆಟ್ಟಿಗೆ ಇಳಿಸಲು ಬಿಡಲಿಲ್ಲ...

ಮೊನ್ನೆ ಮನೆಗೆ ಬಂದು ಜಾಕೆಟ್ಟಿನ ಸುದ್ದಿ ಹೇಳಿದೆ. ಅವ್ವ ಮೆಂತೆಪಲ್ಲೆ ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. “ಯವ್ವಾ, ಈ ವರ್ಷ ನನಗ ಅಂಜಿಕಿ ಆಗಾಕತ್ತೈತಿ,” ಅಂದೆ. ಕೈಯಲ್ಲಿದ್ದ ಪಲ್ಲೆಯ ಬೇರು ಚಿವುಟಿ ಬದಿಗಿಟ್ಟಳು.

“ಈ ಸಲ ಸಾಹೇಬ್ರಿಲ್ಲ,” ಅಂದಳು. ಆಮೇಲೆ ಪಲ್ಲೆಯ ಮಣ್ಣು ಹತ್ತಿದ ಕೈಯನ್ನು ನನ್ನ ಕಡೆ ಚಾಚಿದಳು. ನಾನು ಹಿಡಿದುಕೊಂಡೆ.