ಕುರಿಮರಿಯ ಕೊರಳಲ್ಲಿ ಚಿನ್ನದ ವಾಚು

ಬಂಡೂರಿನ ಆ ಮನೆಯಂಗಳದಲ್ಲಿ ಕುರಿಮರಿಯೊಂದು ಚಂಗನೆ ನೆಗೆಯಿತು. ಅದರ ಕೊರಳ ದಾರದಲ್ಲಿ, ಗಂಟೆ ಇರಬೇಕಾದ ಜಾಗದಲ್ಲಿ, ಚಿನ್ನದ ಕೈಗಡಿಯಾರ ತೂಗುತ್ತಿತ್ತು! ಹಳೆಯ ಚಿನ್ನದ ವಾಚುಗಳನ್ನು ಸಂಗ್ರಹಿಸುವ ನಾನು ಮದ್ದೂರಿನಿಂದ ಬಸ್ಸು ಹತ್ತಿ ಬಂದದ್ದೇ ಅದನ್ನು ಕೊಳ್ಳಲು. ಹಾಲಿನಂಥ ಎನಾಮಲ್ ಡಯಲ್ಲು. ಕಲ್ಲಿಗೆ ಬಡಿದರೆ ಮುಗಿಯಿತು!

"ಅಯ್ಯೋ, ಮೊದಲು ಬಿಚ್ಚಿ ತಾಯಿ!" ಎಂದು ಕೂಗಿಕೊಂಡೆ.

"ಬಿಚ್ಚುದ್ರೆ ನಿಂತೋಯ್ತದೆ ಕಣಪ್ಪ," ಎಂದರು ಆ ಮನೆಯ ಅಜ್ಜಿ. "ಇದುಕ್ಕೆ ಕೀ ಕೊಡಂಗಿಲ್ಲ, ಕೈ ಆಡ್ತಿದ್ರೆ ಓಡ್ತದೆ. ನಮ್ಮ ಯಜಮಾನ್ರ ಎಡಗೈಗೆ ಲಕ್ವ ಒಡ್ದದೆ. ನನ್ ಕೈ ಯಾವಾಗ್ಲೂ ಸಗಣಿ, ನೀರಲ್ಲೇ ಇರ್ತದೆ. ಈ ಮರಿ ಒಂದ್ಗಳ್ಗೆ ಸುಮ್ಕಿರಕಿಲ್ಲ, ಅದ್ಕೇ ಕಟ್ಟಿವ್ನಿ. ಅವ್ರ ಕೈ ಸರಿಹೋಗಗಂಟ ಇದು ನಿಲ್ಬಾರ್ದು."

ಜಗಲಿಯ ಮಂಚದ ಮೇಲೆ ಮಲಗಿದ್ದ ಯಜಮಾನರು ಬಲಗೈ ಚಾಚಿದರು. ಅಜ್ಜಿ ಮರಿಯನ್ನೇ ಎತ್ತಿಕೊಂಡು ಹೋಗಿ, ವಾಚನ್ನು ಅವರ ಕಿವಿಗೆ ಹಿಡಿದರು. ಟಿಕ್ ಟಿಕ್ ಸದ್ದು ಕೇಳಿಸಿರಬೇಕು, ಸೊಟ್ಟಗಾಗಿದ್ದ ಬಾಯಿ ಮೆಲ್ಲನೆ ಅರಳಿತು.

ಅಜ್ಜಿಯ ಕೈಯಿಂದ ಮರಿಯನ್ನು ಎತ್ತಿಕೊಂಡೆ. ದಾರದ ಗಂಟು ಸಡಿಲವಾಗಿತ್ತು. ಅದನ್ನು ಬಿಗಿದು, ವಾಚಿಗೆ ನನ್ನ ಕರ್ಚೀಫು ಸುತ್ತಿ, ಮರಿಯನ್ನು ಮತ್ತೆ ಅಂಗಳಕ್ಕೆ ಬಿಟ್ಟು ಬಂದೆ.

ಮನೆಗೆ ಬಂದು ಬೀರು ತೆರೆದೆ. ಮಖಮಲ್ಲಿನ ಮೇಲೆ ನನ್ನ ಚಿನ್ನದ ವಾಚುಗಳು ಸಾಲಾಗಿ ಮಲಗಿದ್ದವು. ಒಂದಕ್ಕೂ ಗೀರು ಬಿದ್ದಿರಲಿಲ್ಲ. ಒಂದೂ ಓಡುತ್ತಿರಲಿಲ್ಲ.